ಮಹಡಿಯ ಕನ್ನಡಿ

ಅಕ್ಟೋಬರ್ 12, ಶನಿವಾರ. ಫಿಲಡೆಲ್ಫಿಯಾ.

ಆ ಮುದುಕಿಯ ಮಾತು ಇನ್ನೂ ಕೊರೆಯುತ್ತಿದೆ. ಮ್ಯೂಸಿಯಂಗಳಿಗೆಲ್ಲ ಟಿಕೆಟ್, ಊರಿನ ಹಳೇ ಓಣಿ ನೋಡುವುದಾದರೆ ಪುಕ್ಕಟೆ ಎಂದು ತಂಗಿ ಲೊರೇನ್‌ಳನ್ನು ಅಲ್ಲಿಗೇ ಎಳೆದೊಯ್ದಿದ್ದೆ. ಇನ್ನೂರೈವತ್ತು ವರ್ಷದ ಮನೆಗಳಲ್ಲಿ ಜನ ಈಗಲೂ ಹೇಗೆ ಬದುಕುತ್ತಾರೋ! ತಡೆಯಲಾರದೆ ಒಂದು ಕಿಟಕಿಯ ಗಾಜಿಗೆ ಮೂಗು ಒತ್ತಿದೆ.

"ಒಳಗೇನಿಲ್ಲಮ್ಮ, ನನ್ನ ಬೆಕ್ಕು ಮಲಗಿದೆ ಅಷ್ಟೆ!" ಮಹಡಿಯ ಕಿಟಕಿಯಿಂದ ಮುದುಕಿಯೊಬ್ಬಳ ದನಿ ಬಂತು.

ನಾಚಿಕೆಯಾದರೂ ಕೇಳಿದೆ: "ಅಲ್ಲಿಂದ ನಾನು ಹೇಗೆ ಕಂಡೆ?"

ಆಕೆ ಕಿಟಕಿಯ ಹೊರಗೆ ಸಿಕ್ಕಿಸಿದ್ದ ಕನ್ನಡಿಗಳನ್ನು ತೋರಿಸಿದಳು. "ಬಾಗಿಲಿಗೆ ಯಾರು ಬಂದ್ರೂ ಇದರಲ್ಲಿ ಕಾಣ್ತಾರೆ. ಟಿಕೆಟ್ ಇಲ್ದೆ ನೋಡೋದು ನೀವೊಬ್ರೇ ಅಂದ್ಕೊಂಡ್ರಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಹಿಂದೆ ನಿಂತಿರೋರು ಯಾಕೆ ಅಳ್ತಿದ್ರು?" ಎಂದಳು.

ತಿರುಗಿ ನೋಡಿದರೆ ಲೊರೇನ್ ಏನೂ ಆಗದವಳಂತೆ ಬಸ್ಸಿನ ವೇಳಾಪಟ್ಟಿ ಓದುತ್ತಿದ್ದಳು.

ಈಗ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಬೆಳಗಿನಿಂದ ಕಂಡವರ ಮನೆಗೆಲ್ಲ ಇಣುಕಿದೆ. ಇವಳ ಮುಖವನ್ನು ಒಮ್ಮೆಯಾದರೂ...