ಕೊನೆಯ ಹದಿನಾರು ಪುಟ

ಹದಿನೆಂಟನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಿಣುಕಿ,

ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಕಾಗದ ಬಂದು ಆರು ವಾರ ಆಯಿತು. ದಿನಾ ಬರೆಯಬೇಕು ಅಂದುಕೊಳ್ಳುವುದು, ಪೆನ್ನು ಹುಡುಕುವಷ್ಟರಲ್ಲಿ ಅಮ್ಮ ಕರೆಯುವುದು. ನೆಪ ಅನ್ನುತ್ತೀಯ, ಅನ್ನು. ನಿನ್ನ ಗಂಡನ ಮೊಣಕಾಲು ನೋವು ಹೇಗಿದೆ? ಮಗಳು ಹಲ್ಲಿಗೆ ತಂತಿ ಹಾಕಿಸಿಕೊಂಡಳಾ? ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ಅಮ್ಮನ ನಾಲಿಗೆಯಂತೂ ಗಟ್ಟಿಮುಟ್ಟಾಗಿದೆ, ಆ ಚಿಂತೆ ಬೇಡ.

"ಹೌದು ಇಲ್ಲ ಅಂತ ಒಂದು ಮಾತು ಬರಿ ಅಕ್ಕ, ಪುರಾಣ ಬೇಡ" ಅಂದಿದ್ದೀಯ. ನಿಮ್ಮೂರಿನ ಮ್ಯೂಸಿಯಮ್ಮಿನಲ್ಲಿ ಹಳೇ ಪುಸ್ತಕ ರಿಪೇರಿ ಮಾಡುವ ಕೆಲಸ, ಮೂವತ್ತನೇ ತಾರೀಕಿನ ತನಕ ನನಗೋಸ್ಕರ ತಡೆದಿಟ್ಟಿದ್ದಾರೆ, ಕೂರುವ ಜಾಗದಲ್ಲಿ ದೊಡ್ಡ ಕಿಟಕಿ ಇದೆ, ಕಿಟಕಿಯಾಚೆ ಮರ ಇದೆ. ಕಿಟಕಿಯ ವಿಷಯ ಎರಡು ಸಲ ಬರೆದಿದ್ದೀಯ, ಕಳ್ಳಿ. ಇಪ್ಪತ್ತೈದು ವರ್ಷದಿಂದ ಲೈಬ್ರರಿಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಪುಸ್ತಕ ಹೊಲಿಯುವವಳನ್ನು ಎಲ್ಲಿ ಚಿವುಟಬೇಕು ಅಂತ ನಿನಗೆ ಗೊತ್ತು.

ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ ಹೋದ ಮಂಗಳವಾರ ಏನಾಯಿತು ಅಂತ ಹೇಳಬೇಕು. ಪುರಾಣವೇ, ಸಹಿಸಿಕೋ.

ಲೈಬ್ರರಿಯ ಸಾಮಾನಿನ ಲಿಫ್ಟು ನೆನಪಿದೆಯಲ್ಲ? ಅಮ್ಮ ಅಲ್ಲಿ ಬೈಂಡರ್ ಆಗಿದ್ದಾಗ ನಾವಿಬ್ಬರೂ ಕದ್ದು ಹತ್ತಿ ಇಳಿಯುತ್ತಿದ್ದೆವು. ಅದೇ ಲಿಫ್ಟು, ಅದೇ ನರಳಾಟ. ಮಕ್ಕಳ ವಿಭಾಗದಿಂದ ಹರಿದ ಪುಸ್ತಕಗಳ ತಳ್ಳುಗಾಡಿ ಇಳಿಸಿಕೊಂಡು ಬರುತ್ತಿದ್ದೆ. ಹನ್ನೆರಡೂ ಮುಕ್ಕಾಲು. ಎರಡು ಮಹಡಿಯ ನಡುವೆ ಗಕ್ಕನೆ ನಿಂತುಬಿಟ್ಟಿತು. ಗಂಟೆ ಒತ್ತಿದೆ, ಅದು ಕೆಟ್ಟು ಯಾವ ಕಾಲವಾಗಿತ್ತೋ. ಫೋನು ಕೆಳಗೆ ಮೇಜಿನ ಮೇಲೆ. ಬಾಗಿಲು ಬಡಿದೆ, ಕೂಗಿದೆ, ಗಂಟಲು ಕಟ್ಟಿತು. ಮಂಗಳವಾರ ಮಧ್ಯಾಹ್ನ ಓದುಗರಿಗೆ ರಜೆ, ಕಾವಲುಗಾರ ಮುಂದಿನ ಗೇಟಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿರುತ್ತಾನೆ. ಆ ಮನುಷ್ಯನಿಗೆ ಲೈಬ್ರರಿ ತಲೆ ಮೇಲೆ ಬಿದ್ದರೂ ಹಾಡು ಮುಗಿದ ಮೇಲೇ ಕೇಳಿಸುವುದು.

ಒಳಗಿನ ದೀಪ ಉರಿಯುತ್ತಲೇ ಇತ್ತು; ನನಗೆ ಗಾಳಿಯದೂ ಭಯವಿರಲಿಲ್ಲ, ಕತ್ತಲೆಯದೂ ಇರಲಿಲ್ಲ. ಒಂದು ಗಂಟೆಗೆ ಮನೆಗೆ ಓಡಬೇಕಿತ್ತು, ಅಷ್ಟೇ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಎಂಟು ವರ್ಷ. ಅಂದಿನಿಂದ ಒಂದು ಗಂಟೆಗೆ ನಾನು ಹೋಗಿ ಎಬ್ಬಿಸಿ ಕೂರಿಸಬೇಕು, ಊಟ ಕೈಗೆ ಕೊಡಬೇಕು, ಮಾತ್ರೆ ಕೊಡಬೇಕು, ತೋಳು ಹಿಡಿದು ಬಚ್ಚಲಿಗೆ ನಡೆಸಬೇಕು. ಎಂಟು ವರ್ಷದಲ್ಲಿ ಒಂದು ಮಧ್ಯಾಹ್ನ ತಪ್ಪಿಲ್ಲ. ಲಿಫ್ಟಿನ ನೆಲದಲ್ಲಿ ಕೂತು, ಅಮ್ಮ ನನ್ನ ಕರೆದು ಕರೆದು ತಾನೇ ಏಳಲು ಹೋಗಿ ಬಿದ್ದಿರುತ್ತಾಳೆ ಅಂತ ಅಂದುಕೊಂಡು ಅತ್ತೆ. ನಲವತ್ತೇಳು ವರ್ಷದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಯಾರೂ ನೋಡಲಿಲ್ಲ, ಅದೊಂದು ಪುಣ್ಯ.

ಅತ್ತು ಸುಸ್ತಾದ ಮೇಲೆ ಏನು ಮಾಡುವುದು? ತಳ್ಳುಗಾಡಿಗೆ ಕೈ ಹಾಕಿದೆ. ಮೇಲೇ ಇತ್ತು ನೋಡು, ನಮ್ಮ 'ಗಡಿಯಾರದ ಹಿಂದಿನ ಊರು'.

ನಮ್ಮ ಪ್ರತಿ ಅಲ್ಲ, ಬೇರೆಯದು. ಆದರೆ ರಟ್ಟಿನ ಮೇಲೆ ಅದೇ ಅಂಚೆ ಕೊಕ್ಕರೆ, ಕೊಕ್ಕಿನಲ್ಲಿ ಅದೇ ಚೀಲ. ಓದು ಬಾರದ ಕೊಕ್ಕರೆ ವಿಳಾಸ ನುಂಗಿಬಿಡುವ ಜಾಗಕ್ಕೆ ಬಂದರೆ ನೀನು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದೆ. ನಿನ್ನ ಮಗಳಿಗೆ ಕಥೆ ಹೇಳಿದ್ದೀಯೋ ಇಲ್ಲವೋ. ಗೋಡೆ ಗಡಿಯಾರದ ಹಿಂದೆ ತೂರಿಕೊಂಡ ಹುಡುಗಿ, ಯಾವಾಗಲೂ ಇನ್ನೇನು ಕತ್ತಲಾಗುವ ಹೊತ್ತಿನಲ್ಲೇ ಇರುವ ಊರು, ಗೋಪುರದ ಮೇಲೆ ಕಂದೀಲು ಹಿಡಿದು ನಿಂತ ಮುದುಕಿ. "ಒಂದು ಗಳಿಗೆ ಹಿಡ್ಕೋ ಮಗು, ಚಪ್ಪಲಿ ಸರಿ ಮಾಡ್ಕೋತೀನಿ" ಅಂತ ಕಂದೀಲು ಕೊಟ್ಟ ಮುದುಕಿ ಪತ್ತೆಯೇ ಇಲ್ಲ. ಕೈಬಿಟ್ಟರೆ ಕಂದೀಲು ಆರುತ್ತದೆ, ಕಂದೀಲು ಆರಿದರೆ ಊರು ಆರುತ್ತದೆ. ಹುಡುಗಿ ನಿಂತೇ ನಿಂತಳು. ಊರಿನವರು ಸಾಲಾಗಿ ಬಂದು ಹೊಗಳುವುದು, ತಿಂಡಿ ಕೊಡುವುದು, ಅವಳ ಹೆಸರಿನಲ್ಲಿ ಹಾಡು ಕಟ್ಟುವುದು. ಆ ಸಾಲು ಬಂದಾಗ ನಾವು ಎಷ್ಟು ನಗುತ್ತಿದ್ದೆವು. ಈ ಸಲ ನಗು ಬರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ "ಇಲ್ಲಿ ಕೊಡು, ನಾನು ಸ್ವಲ್ಪ ಹಿಡಿಯುತ್ತೇನೆ" ಅನ್ನುವುದಿಲ್ಲ. ಮಕ್ಕಳ ಪುಸ್ತಕದಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತಾರೋ. ಪಕ್ಕದ ಮನೆ ಹೆಂಗಸು ಪ್ರತಿ ಸಲ ಮೆಟ್ಟಿಲಲ್ಲಿ ಸಿಕ್ಕಾಗ "ನಿಮ್ಮಂಥ ಮಗಳು ಎಲ್ಲರಿಗೂ ಸಿಗಬೇಕು" ಅನ್ನುತ್ತಾಳಲ್ಲ, ಅವಳ ಮುಖವೇ ಕಣ್ಣ ಮುಂದೆ ಬಂತು.

ಈಗ ಕೇಳು. ಪುಸ್ತಕ ಕೈಗೆ ಬಂದರೆ ನನಗೆ ಮೊದಲು ಬೆನ್ನು ನೋಡುವ ಚಟ. ಒಂದೇ ಹಾಳೆ ಮಡಿಸಿದ ಹದಿನಾರು ಪುಟಕ್ಕೆ ಒಂದು ಫಾರಂ. ಒಂದೊಂದು ಫಾರಮ್ಮಿನ ಮಡಿಕೆಯ ಮೇಲೂ ಒಂದು ಸಣ್ಣ ಕಪ್ಪು ಗುರುತು, ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ. ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣಬೇಕು. ಒಂದು ಫಾರಂ ತಪ್ಪಿದರೆ ಮೆಟ್ಟಿಲು ಮುರಿದು ಕಾಣುತ್ತದೆ. "ಮೆಟ್ಟಿಲು ನೋಡದೆ ಸೂಜಿ ಮುಟ್ಟಬೇಡ" ಅನ್ನುವುದು ಅಮ್ಮ ನನಗೆ ಕಲಿಸಿದ ಮೊದಲ ಪಾಠ. ಈ ಪ್ರತಿಯ ಬೆನ್ನು ಕಿತ್ತುಹೋಗಿತ್ತು, ಮೆಟ್ಟಿಲು ಎಣಿಸಿದೆ. ಹನ್ನೆರಡು. ನಮ್ಮದರಲ್ಲಿ ಹನ್ನೊಂದು.

ನಮ್ಮದು ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಹೊಲಿದ ಮೊದಲ ಪುಸ್ತಕ, ಅದರ ಮೆಟ್ಟಿಲು ನಿದ್ದೆಯಲ್ಲೂ ಎಣಿಸಬಲ್ಲೆ. ಲೈಬ್ರರಿ ಬಿಸಾಡಿದ ಪ್ರತಿಯನ್ನು ಅಮ್ಮ ಮನೆಗೆ ತಂದಿದ್ದಳು. ಕೊನೆಯ ಪುಟಗಳು ಮೊದಲೇ ಕಳೆದುಹೋಗಿದ್ದವು ಅಂತಲೇ ನಾವು ನಂಬಿದ್ದೆವು. ಈಗ ಹೊಳೆಯಿತು. ನಡುವಿನ ಫಾರಂ ತಪ್ಪಿದರೆ ಮೆಟ್ಟಿಲು ಮುರಿಯುತ್ತದೆ. ಕೊನೆಯದೇ ತಪ್ಪಿದರೆ ಏನೂ ಮುರಿಯುವುದಿಲ್ಲ, ಮೆಟ್ಟಿಲು ಒಂದು ಹೆಜ್ಜೆ ಮುಂಚೆ ಮುಗಿಯುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೊಲಿಯುವಾಗ ಬಿಟ್ಟವಳು ನಾನೇ ಇರಬೇಕು.

"ಕಂದೀಲು ನಿಧಾನವಾಗಿ ಬೆರಳಿನಿಂದ" ಅನ್ನುವಲ್ಲಿಗೆ ನಮ್ಮ ಪುಸ್ತಕ ನಿಲ್ಲುತ್ತಿತ್ತು. ನೀನು "ಆಮೇಲೆ ಅಕ್ಕ, ಆಮೇಲೆ" ಅಂತ ನನ್ನ ಜಡೆ ಎಳೆಯುತ್ತಿದ್ದೆ. ದಿನಕ್ಕೊಂದು ಕೊನೆ ಕಟ್ಟಿ ಹೇಳಿ ಸೋತೆ. ಕೊನೆಗೆ ಒಂದು ನಿಂತಿತು: ಹುಡುಗಿ ಕಂದೀಲನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಯಾವತ್ತೂ ಬಿಡಲೇ ಇಲ್ಲ, ಅವಳ ತಂಗಿ ಆ ಬೆಳಕಿನಲ್ಲಿ ದಾರಿ ನೋಡಿಕೊಂಡು ಮನೆಗೆ ಹೋದಳು. ನಿನಗೆ ಏಳು ವರ್ಷ. ಅತ್ತುಕೊಂಡು, "ಹಾಗಾದ್ರೆ ನಾನು ವಾಪಸ್ ಬಂದು ಹಿಡ್ಕೋತೀನಿ" ಅಂದೆ. "ಏನೂ ಬೇಡ, ನೀನು ಹೋಗು" ಅಂದೆ ನಾನು.

ನಿಜವಾದ ಕೊನೆಯನ್ನು ಲಿಫ್ಟಿನಲ್ಲಿ ಓದಿದೆ, ಮಿಣುಕಿ. ತೋಳು ಸೋತು ಹುಡುಗಿ ನಿದ್ದೆ ಹೋಗುತ್ತಾಳೆ. ಕಂದೀಲು ಬೆರಳಿನಿಂದ ಜಾರುತ್ತದೆ. ಬೆಚ್ಚಿ ಎದ್ದು ನೋಡಿದರೆ ಅದು ಬಿದ್ದಿಲ್ಲ. ಅಲ್ಲೇ ಗಾಳಿಯಲ್ಲಿ ತನ್ನಷ್ಟಕ್ಕೆ ನಿಂತು ಉರಿಯುತ್ತಿದೆ. ಕೆಳಗೆ ಊರು ಎಂದಿನ ಹಾಗೆ ಓಡಾಡುತ್ತಿದೆ, ಅವಳ ಕೈ ಬಿಟ್ಟದ್ದನ್ನು ಯಾರೂ ಗಮನಿಸಿಲ್ಲ. ಸೀನುವ ಮೇಯರು ಇದ್ದನಲ್ಲ, ಅವನನ್ನು ಕೇಳುತ್ತಾಳೆ. "ನೀನು ಹಿಡ್ಕೊಂಡಿದ್ದೆ, ನಮಗೆ ಸಂತೋಷವಾಗಿತ್ತು. ಬೇಕಿತ್ತು ಅಂತ ಯಾರು ಹೇಳಿದ್ದು?" ಅಂದು ಮೂರು ಸಲ ಸೀನುತ್ತಾನೆ. ಅವಳು ಗಡಿಯಾರದ ಹಿಂದಿನಿಂದ ಮನೆಗೆ ಬರುತ್ತಾಳೆ. ಅಷ್ಟೇ ಕಥೆ.

ಬೀಗ ಹಾಕಲು ಬಂದ ಕಾವಲುಗಾರನಿಗೆ ಕೊನೆಗೂ ನನ್ನ ಕೂಗು ಕೇಳಿಸಿ, ಐದೂ ಹತ್ತಕ್ಕೆ ಲಿಫ್ಟಿನವನು ಬಂದು ಬಾಗಿಲು ತೆಗೆದ. "ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಮೇಡಂ?" ಅಂದ. "ಓದ್ತಿದ್ದೆ" ಅಂದರೆ ನಗುತ್ತಾನೆ. ಅವನ ನಗು ಮುಗಿಯುವಷ್ಟರಲ್ಲಿ ನಾನು ಎರಡು ಬೀದಿ ದಾಟಿ ನಮ್ಮ ಮೆಟ್ಟಿಲು ಹತ್ತುತ್ತಿದ್ದೆ. ಅಮ್ಮ ಹಾಸಿಗೆಯಲ್ಲೇ ಇದ್ದಳು, ಗೋಡೆ ಕಡೆ ಮುಖ ಮಾಡಿಕೊಂಡು. "ಹಸಿವೇ ಆಗಲಿಲ್ಲ ಬಿಡೇ, ಅಷ್ಟ್ಯಾಕೆ ಏದುಸಿರು ಬಿಡ್ತೀಯ" ಅಂದಳು. ಏನೂ ಆಗಿರಲಿಲ್ಲ.

ಮಾರನೇ ದಿನ ತಲೆ ಬಾಚುವಾಗ ಆ ಫಾರಮ್ಮಿನ ವಿಷಯ ಕೇಳಿದೆ. "ಗೊತ್ತಿಲ್ದೆ ಏನು?" ಅಂದಳು ಅಮ್ಮ. "ನೀನು ಹೊಲಿದು ಕುಣೀತಾ ಹೋದ ಮೇಲೆ ಮೇಜಿನ ಕೆಳಗೆ ಸಿಕ್ತು. ಬಿಚ್ಚು ಅಂದ್ರೆ ಎರಡು ದಿನ ಊಟ ಬಿಡ್ತಿದ್ದೆ. ಫೋಟೋ ಆಲ್ಬಮ್ಮಿನ ಬೆನ್ನಿಗೆ ಒಳಗಡೆ ಅಸ್ತರು ಬೇಕಿತ್ತು, ಅಂಟಿಸ್ಬಿಟ್ಟೆ." ನನಗೆ ಹೇಳಬಹುದಿತ್ತಲ್ಲ ಅಂದೆ. "ನೀನು ಹೇಳ್ತಿದ್ದ ಕೊನೇನೇ ಚೆನ್ನಾಗಿತ್ತು" ಅಂದಳು. ನಾನು ಬಾಚಣಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಜಡೆ ಮುಗಿಸು ಅಂತ ಗದರಿದಳು.

ಆಲ್ಬಮ್ಮಿನ ಬೆನ್ನಿಗೆ ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿ, ಹದಿನಾರೂ ಪುಟ ಬಿಡಿಸಿ ಒಣಗಿಸಿದ್ದೇನೆ. ಒಂದೆರಡು ಅಕ್ಷರ ಅಂಟಿಗೆ ಹೋಗಿವೆ, ಉಳಿದದ್ದು ಸ್ಪಷ್ಟವಾಗಿದೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಮೂವತ್ತಮೂರು ವರ್ಷ ತಡವಾಯಿತು, ಕ್ಷಮಿಸು.

ಇನ್ನು ನಿನ್ನ ಪ್ರಶ್ನೆ. ಇಲ್ಲ ಮಿಣುಕಿ. ಅಮ್ಮನನ್ನೂ ಕರೆದುಕೊಂಡು ಬಾ ಅಂತೀಯ. "ಈ ಕಾಲಲ್ಲಿ ನಾನೆಲ್ಲಿಗೂ ಬರಲ್ಲ" ಅನ್ನುತ್ತಾಳೆ. ಮೇಲಿನ ಮನೆಯ ನರ್ಸಮ್ಮನನ್ನು ಗೊತ್ತು ಮಾಡು ಅಂತೀಯ. ಬೇರೆಯವರ ಕೈ ಮೈಗೆ ತಾಗಿದರೆ ಆಗುವುದಿಲ್ಲವಂತೆ. ನಾನು ತೋಳು ಹಿಡಿಯದಿದ್ದರೆ ಅವಳು ಹಾಸಿಗೆಯಿಂದ ಏಳುವುದೂ ಇಲ್ಲ. ನಾನು ಒಂದು ಮದುವೆ ಮನೆಗೆ ಹೋಗಿ ಉಳಿದು ಎಂಟು ವರ್ಷವಾಯಿತು. ಕೆಲವು ದಿನ ಮನೆ ಬಾಗಿಲು ಹಾಕುವಾಗ ಒಳಗಿನಿಂದ ಹಾಕುತ್ತಿದ್ದೇನೋ ಹೊರಗಿನಿಂದಲೋ ಅಂತ ಕೈ ತಡೆಯುತ್ತದೆ. ಇರಲಿ. ಮ್ಯೂಸಿಯಮ್ಮಿನವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳು. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ.

ನಿನ್ನ ಮನೆ ತುಂಬಿರಲಿ, ಮಗಳ ಹಲ್ಲು ಸಾಲಾಗಿ ಬರಲಿ, ನಿನ್ನ ಗಂಡ ಮೆಟ್ಟಿಲು ಓಡಿ ಹತ್ತುವಂತಾಗಲಿ. ನೀನು ನಗುತ್ತಿರು, ನನಗೆ ಅಷ್ಟು ಸಾಕು.

ಮೈಯೆಲ್ಲ ಅಂಟು ವಾಸನೆಯ
ನಿನ್ನ ಗೋಂದಕ್ಕ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. "ಏನೂ ಆಗಿರಲಿಲ್ಲ" ಅಂತ ಮೇಲೆ ಬರೆದೆನಲ್ಲ. ಆ ದಿನ ಅಡುಗೆಮನೆಗೆ ಹೋದೆ. ಬೆಳಿಗ್ಗೆ ನಾನು ಮುಚ್ಚಿಟ್ಟ ಊಟ ಇರಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿತ್ತು, ಇನ್ನೂ ಒದ್ದೆ. ಮಾತ್ರೆ ಡಬ್ಬಿಯಲ್ಲಿ ಒಂದು ಗಂಟೆಯ ಮನೆ ಖಾಲಿ. ಬಾಗಿಲಿಗೆ ಹೊರಗಿನಿಂದ ನಾನು ಹಾಕಿದ ಬೀಗ ಹಾಗೇ ಇತ್ತು, ಕೀಲಿ ನನ್ನ ಹತ್ತಿರವೇ ಇದ್ದದ್ದು; ನರ್ಸಮ್ಮ ಬಂದಿರಲು ಸಾಧ್ಯವಿಲ್ಲ. ಪಾರ್ಶ್ವವಾಯು ಹೊಡೆದ ವಾರವಷ್ಟೇ ಕೊಂಡಿದ್ದ, ಎಂಟು ವರ್ಷದಿಂದ ಮಂಚದ ಕೆಳಗೇ ಇರುವ ಅಮ್ಮನ ಚಪ್ಪಲಿ ಅಡುಗೆಮನೆ ಹೊಸ್ತಿಲ ಹತ್ತಿರ ಬಿಟ್ಟಿತ್ತು. ತಳ ಸವೆದಿತ್ತು, ಮಿಣುಕಿ. ಒಂದು ದಿನದ ಸವೆತ ಅಲ್ಲ ಅದು.

ನಾನು ಏನು ಮಾಡಿದೆ ಗೊತ್ತಾ? ಚಪ್ಪಲಿ ತಂದು ಸದ್ದಾಗದ ಹಾಗೆ ಮಂಚದ ಕೆಳಗೆ ಇಟ್ಟೆ. ಅಮ್ಮ ಗೋಡೆ ಕಡೆಯೇ ನೋಡುತ್ತಿದ್ದಳು. ಆಮೇಲೆ "ಬಚ್ಚಲಿಗೆ ಹೋಗ್ಬೇಕು, ಎತ್ತು" ಅಂದಳು. ಎತ್ತಿದೆ. ಎಂದಿನ ಹಾಗೆ ಪೂರ್ತಿ ಭಾರ ನನ್ನ ಮೇಲೆ ಬಿಟ್ಟಳು, ನಾನೂ ಎಂದಿನ ಹಾಗೆ ಹೊತ್ತುಕೊಂಡೆ. ಆ ಚಪ್ಪಲಿಯ ವಿಷಯ ಇವತ್ತಿನವರೆಗೂ ಇಬ್ಬರೂ ಎತ್ತಿಲ್ಲ. ಅವಳ ಮೇಲೆ ಕೋಪ ಬರಬೇಕು. ಬರುವುದಿಲ್ಲ. ಕಂದೀಲು ಆರಿಹೋಗುತ್ತದೆ ಅಂತ ಎಂಟು ವರ್ಷ ಹೆದರಿದ್ದೆ, ಅದು ಆರಲಿಲ್ಲವಲ್ಲ, ಅದನ್ನೇ ತಡೆದುಕೊಳ್ಳಲು ಆಗುತ್ತಿಲ್ಲ.

ಮೇಲೆ ಬರೆದ "ಇಲ್ಲ"ವನ್ನು ಹೊಡೆದು ಹಾಕಲು ಮೂರು ಸಲ ಪೆನ್ನು ತೆಗೆದೆ, ಕೈ ಬರಲಿಲ್ಲ. ಮೂವತ್ತನೇ ತಾರೀಕಿಗೆ ಇನ್ನೂ ಹನ್ನೆರಡು ದಿನ ಇದೆ. ಏಳು ವರ್ಷದವಳಿದ್ದಾಗ ವಾಪಸ್ ಬಂದು ಹಿಡ್ಕೋತೀನಿ ಅಂದಿದ್ದೆಯಲ್ಲ, ಹಿಡಿಯುವುದು ಬೇಡ. ಸುಮ್ಮನೆ ಬಾ, ಬಂದು ನನ್ನ ಬೆರಳು ಬಿಡಿಸು.