ಧೂಪದ ಬಟ್ಟಲಿನ ಮಸಿ

ಅಮ್ಮ,

ಈ ಕಾಗದ ನಿನ್ನನ್ನು ತಲುಪುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ನಿನಗೇ ಹೇಳಬೇಕು.

ಸಮುದ್ರದಡಿ ಮುಳುಗಿದ್ದ ಹಳೇ ಹಡಗೊಂದರಿಂದ ನಮ್ಮ ಪುರಾತತ್ವ ತಂಡದವರು ಮಣ್ಣಿನ ಧೂಪದ ಬಟ್ಟಲೊಂದನ್ನು ಎತ್ತಿ ತಂದಿದ್ದರು. ಅದರ ತಳಕ್ಕಂಟಿದ್ದ ಮಸಿ ಏನೆಂದು ಇವತ್ತು ತಿಳಿಯಿತು. ದತ್ತೂರಿ ಎಲೆ! ನಮ್ಮ ಮುಖ್ಯಸ್ಥ ಇಳಂಗೋ ಸರ್ “ಸಾಮಿ ಆಡ್ರದುಕ್ಕುದಾನ್!” ಎಂದು ತಮಿಳಿನಲ್ಲಿ ಕೂಗಿ ಖುಷಿಯಲ್ಲಿ ಮೇಜು ಗುದ್ದಿದರು. ದೇವರು ಮೈಮೇಲೆ ಬರಲೆಂದು ಪೂಜಾರಿ ಅದರ ಮತ್ತೇರಿಸುವ ಹೊಗೆ ಎಳೆಯುತ್ತಿದ್ದ ಎಂಬುದು ಅವರ ವಾದ. ಇಷ್ಟು ವರ್ಷ ಅವರು ಕಡಲಡಿ ಹುಡುಕಿದ್ದೇ ಅದಕ್ಕೊಂದು ಸಾಕ್ಷಿಯನ್ನು.

ನನಗೆ ಮಾತ್ರ ನೀನು ಕಂಡೆ. ಉಬ್ಬಸ ಬಂದಾಗಲೆಲ್ಲ ಒಣಗಿದ ದತ್ತೂರಿ ಎಲೆಯನ್ನು ಕೆಂಡಕ್ಕೆ ಹಾಕಿ, ತಲೆಗೆ ಸೆರಗು ಮುಚ್ಚಿಕೊಂಡು ಹೊಗೆ ಎಳೆಯುತ್ತಿದ್ದೆಯಲ್ಲ. ಊರು ಬಿಟ್ಟು ವೇಲಚೇರಿಯ ನನ್ನ ಫ್ಲ್ಯಾಟಿಗೆ ಬಂದ ಮೇಲೂ “ಒಂದೇ ಒಂದು ಎಲೆ ಕಣೇ, ಎದೆ ಹಗುರಾಗತ್ತೆ” ಅಂತಿದ್ದೆ. ನಾನು ಬಾಲ್ಕನಿ ತೋರಿಸುತ್ತಿದ್ದೆ. ನೀನು ಅಲ್ಲಿ ಹೋಗಿ ಕೂರುತ್ತಿದ್ದೆ. ವಾಸನೆ ಬಾರದಂತೆ ನಾನು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದೆ.

“ಸರ್, ಹಡಗಿನಲ್ಲಿ ಯಾರಿಗಾದ್ರೂ ಉಬ್ಬಸ ಇದ್ದಿರಬಹುದಲ್ವಾ?” ಅಂದೆ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಅದನ್ನೂ ವರದಿಯಲ್ಲಿ ಸೇರಿಸಲು ಹೇಳಿದರು. ಸೇರಿಸಿದೆ.

ಬರೆಯುವಾಗ ಬಟ್ಟಲು ಎಲ್ಲಿ ಸಿಕ್ಕಿತ್ತೆಂದು ಮತ್ತೊಮ್ಮೆ ನೋಡಿದೆ. ಅಡುಗೆ ಮಡಕೆಗಳ ನಡುವೆ, ಹಡಗಿನವರೆಲ್ಲ ಉಂಡು ಮಲಗುತ್ತಿದ್ದ ಜಾಗದಲ್ಲಿ.

ಆ ಜೀವವನ್ನು ಯಾರೂ ಹೊರಗೆ ಕಳಿಸಿರಲಿಲ್ಲ, ಅಮ್ಮ.

ನಿನ್ನ
ಸುಮತಿ