ಎ.ಸಿ. ಕೋಣೆಯಲ್ಲಿ ವೀಳ್ಯದೆಲೆ

ನಿಟ್ಟುವಳ್ಳಿ, ದಾವಣಗೆರೆ
ಸೋಮವಾರ

ಸೊಸೆ ಸುಮಾಳಿಗೆ ಅತ್ತೆ ಹಂಪವ್ವ ಬರೆಯುವುದು. ಮೊಮ್ಮಗಳು ಸಿಂಚನಳ ಹಾಸ್ಟೆಲಿಗೆ ಕ್ಷೇಮವಾಗಿ ಬಂದು ಸೇರಿದೆ. ಹುಡುಗಿಯರ ಕೋಣೆಗಳಿಗೆ ಎ.ಸಿ. ಬೇಕೋ ಬೇಡವೋ ಎಂದು ಮನೆಯ ಹಿರಿಯರ ಸಹಿ ಕೇಳುತ್ತಿದ್ದಾರೆ. ಮೈ ಸೂಕ್ಷ್ಮವಾಗುತ್ತದೆ ಅಂತ ನೀನು ಹೇಳಿದ್ದಕ್ಕೆ ಬೇಡ ಅನ್ನಲೆಂದೇ ಬಂದಿದ್ದೆ. ವಾರ್ಡನ್ ಬಾಯಿ, "ಅಜ್ಜಿ, ಒಂದ್ ಮಧ್ಯಾಹ್ನ ಕುಂತು ನೋಡ್ರಿ, ಆಮ್ಯಾಲೆ ಹೇಳ್ರಿ," ಅಂತ ಮಾದರಿಗೆ ಎ.ಸಿ. ಹಾಕಿಸಿದ ಕೋಣೆಯಲ್ಲಿ ಅಜ್ಜಿ ಮೊಮ್ಮಗಳನ್ನು ಕೂಡಿಸಿದಳು.

ಇಷ್ಟು ತಂಪಿರುವಾಗ ಒದ್ದೆ ಬಟ್ಟೆ ಯಾಕೆಂದು, ಮನೆಯಿಂದ ಅದರಲ್ಲಿ ಸುತ್ತಿ ತಂದಿದ್ದ ವೀಳ್ಯದೆಲೆ ಬಿಚ್ಚಿ ಎ.ಸಿ. ಮಿಷನ್ನಿನ ಕೆಳಗಿಟ್ಟೆ. ಸಂಜೆಗೆ ಎಲೆಯೆಲ್ಲ ಸುರುಟಿ ಹಪ್ಪಳವಾಗಿತ್ತು. ನಮ್ಮ ತೋಟದ ತಂಪಿಗೆ ಎಲೆ ಚಿಗುರುತ್ತದೆ, ಇಲ್ಲಿಯದಕ್ಕೆ ಒಣಗುತ್ತದೆ. ಇದೆಂಥ ತಂಪೋ ನನಗೆ ತಿಳಿಯಲಿಲ್ಲ.

"ಎಲೆಗೇ ಹಿಂಗಾದ್ರೆ ಹುಡುಗಿ ಗತಿ ಏನವ್ವ?" ಅಂದೆ.

"ಮೆಲ್ಲಕ ಮಾತಾಡ್ರಿ, ನಿಮ್ಮ ಹುಡುಗಿ ಎದ್ದಾಳು," ಅಂದಳು ವಾರ್ಡನ್.

ತಿರುಗಿ ನೋಡಿದರೆ ಸಿಂಚನ ನನ್ನ ಪಕ್ಕದಲ್ಲೇ ಅಪ್ಪನ ಹಾಗೆ ಗೊರಕೆ ಹೊಡೆಯುತ್ತಿದ್ದಳು. ಅವಳ ಕೋಣೆ ತಾರಸಿಯ ಕೆಳಗೇ ಇರುವುದು, ಬೆನ್ನ ತುಂಬ ಬೆವರುಸಾಲೆ ಎದ್ದಿದೆ. ಕೆರೆದುಕೊಳ್ಳದೆ ಮಲಗಿದ್ದು ಈ ತಿಂಗಳಲ್ಲಿ ಇದೇ ಮೊದಲು ಎಂದು ಅವಳ ಕೋಣೆಯ ಗೆಳತಿ ಹೇಳಿದಳು. ನಮಗೆ ಫೋನಿನಲ್ಲಿ ಆರಾಮ ಆರಾಮ ಅನ್ನುತ್ತಿದ್ದಳಲ್ಲ, ಕಳ್ಳಿ.

ಆ ತಂಪಿಗೆ ನನ್ನ ಮಂಡಿ ಹಿಡಿದುಕೊಂಡಿದೆ, ಎಣ್ಣೆ ಕಾಸಿಡು. ಬೇಕು ಅಂತಲೇ ಸಹಿ ಹಾಕಿಬಿಟ್ಟೆ. ಸರಿಯೋ ತಪ್ಪೋ ಈಗಲೂ ತಿಳಿದಿಲ್ಲ, ಬೈಯುವುದಿದ್ದರೆ ನಾನು ಗುರುವಾರ ಊರಿಗೆ ಬಂದ ಮೇಲೆ ಬೈ. ಬೇರೆ ಎಲೆ ಕೀಳಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡು.

ಹಂಪವ್ವ